ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಗಂಟೆ?

ಅಪ್ಪ ಅಮ್ಮ ಮೊದಲ ಸಲ ಬರುತ್ತಿದ್ದಾರೆ, ದೂರ ಎಷ್ಟು, ಎಷ್ಟು ಗಂಟೆ ಆಗುತ್ತದೆ ಅಂತ ಕೇಳಿದ್ದೀರಿ. ದೂರ ಸುಮಾರು 14,000 ಕಿಲೋಮೀಟರ್. ಆದರೆ ಅವರಿಗೆ ಒಂದು ಕಡೆ ವಿಮಾನ ಬದಲಿಸಿ ಕಾಯುವುದೂ ಸೇರಿ 22ರಿಂದ 26 ಗಂಟೆ ಅಂತ ಹೇಳಿ. ಸುಮ್ನೆ ದೂರವನ್ನು ವಿಮಾನದ ವೇಗದಿಂದ ಭಾಗಿಸಿ 16 ಗಂಟೆ ಅಂದುಬಿಟ್ಟರೆ ದಾರಿಯಲ್ಲಿ ಸುಸ್ತಾಗಿ ಗಾಬರಿಯಾಗುತ್ತಾರೆ.

ಆ 14,000 ಗ್ಲೋಬ್ ಮೇಲೆ ದಾರ ಎಳೆದು ಹಿಡಿದರೆ ಸಿಗುವ ಲೆಕ್ಕ. ದಾರ ಟಿಬೆಟ್, ಚೀನಾ, ಪೂರ್ವ ಸೈಬೀರಿಯಾ, ಅಲಾಸ್ಕಾ ಮೇಲೆ ಹಾದುಹೋಗುತ್ತದೆ. ವಿಮಾನ ಹಾಗೆ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನ ಬೇಗ ಕೆಳಗಿಳಿಯಬೇಕು, ಟಿಬೆಟ್ ಮೇಲೆ ನೆಲವೇ ಅಷ್ಟು ಎತ್ತರದಲ್ಲಿರುವುದರಿಂದ ಇಳಿಯಲು ಜಾಗ ಇರಲ್ಲ, ಅದಕ್ಕೇ ಆ ಕಡೆ ಸುತ್ತಿಕೊಂಡು ಹೋಗುತ್ತಾರೆ. ರಷ್ಯಾದ ಆಕಾಶವಂತೂ 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳಿಗೆ ಮುಚ್ಚಿದೆ.

ಜನವರಿ 2021ರಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ನೇರ ವಿಮಾನ ತಂದಿತ್ತು. ಪೈಲಟ್‌ಗಳೆಲ್ಲ ಮಹಿಳೆಯರು, ಸುಮಾರು 17 ಗಂಟೆ ಹಾರಿದರು. ನನಗೆ ಇವತ್ತಿಗೂ ಅದು ಹೆಮ್ಮೆಯ ಸುದ್ದಿ. ಆದರೆ ನೇರ ವಿಮಾನದ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ, ಬುಕ್ ಮಾಡುವ ದಿನ ನೋಡಿಕೊಳ್ಳಿ.

ಒಂದು ಕಡೆ ಬದಲಿಸಿ ಬರುವುದಾದರೆ ದುಬೈ ಮೂಲಕ ಸುಮಾರು 15,700 ಕಿಲೋಮೀಟರ್, ಫ್ರಾಂಕ್‌ಫರ್ಟ್ ಮೂಲಕ 16,500. ದುಬೈ ದಾರಿ ಹತ್ತಿರ ನಿಜ, ಆದರೆ ಮೊದಲ ವಿಮಾನ ನಾಲ್ಕು ಗಂಟೆ, ಎರಡನೆಯದು ಹತ್ತಿರ ಹತ್ತಿರ 16 ಗಂಟೆ ಒಂದೇ ಸಮ ಕೂರಬೇಕು. ಫ್ರಾಂಕ್‌ಫರ್ಟ್ ಆದರೆ ಹತ್ತು, ಹನ್ನೊಂದು ಅಂತ ಸಮನಾಗಿ ಹಂಚಿಹೋಗುತ್ತದೆ. ಮಂಡಿ ನೋವಿರುವ ಹಿರಿಯರಿಗೆ ನಾನಾಗಿದ್ದರೆ ಫ್ರಾಂಕ್‌ಫರ್ಟ್ ದಾರಿಯನ್ನೇ ಆರಿಸುತ್ತೇನೆ. ಸಿಂಗಪುರ ದಾರಿಯೂ ಇದೆ. ಅಲ್ಲಿಂದ ಪೆಸಿಫಿಕ್ ದಾಟಿ ಬರುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ, ವಾಪಸ್ ಹೋಗುವಾಗ ಅದೇ ಗಾಳಿ ಎದುರು ಬರುತ್ತದೆ, ಹಾಗಾಗಿ ಅದೇ ದೂರಕ್ಕೆ ಒಂದೆರಡು ಗಂಟೆ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ. ಟಿಕೆಟ್‌ನಲ್ಲಿ ಬೆಳಗಿನ ಜಾವ 3ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 2:30ಕ್ಕೆ ತಲುಪುವುದು ಅಂತ ಇದ್ದರೆ ಹನ್ನೊಂದೂವರೆ ಗಂಟೆ ಪ್ರಯಾಣ ಅಲ್ಲ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮಯ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಎರಡೂ ಕೂಡಿಸಿದರೆ ಬೇಸಿಗೆಯಲ್ಲಿ ಪೂರಾ 24 ಗಂಟೆ ಆಯ್ತು ಅಲ್ವಾ? ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಇದನ್ನು ಅವರ ಡಾಕ್ಟರ ಹತ್ತಿರ ಮೊದಲೇ ಮಾತಾಡಿಸಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಡಿಸಿ.

ವಿಮಾನ ಬದಲಿಸಲು ಕನಿಷ್ಠ ಮೂರು ಗಂಟೆ ಬಿಡುವಿರಲಿ. ವೀಲ್‌ಚೇರ್ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ನ್ಯೂಯಾರ್ಕ್, ಷಿಕಾಗೋ ಮೂಲಕ ಮಾತ್ರ ಬೇಡ, ಯಾಕೆಂದರೆ ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಸಾಮಾನ್ಯವಾಗಿ ಇಮಿಗ್ರೇಷನ್ ಮುಗಿಸಿ, ಬ್ಯಾಗುಗಳನ್ನು ತಾವೇ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೇ ಬಂದಿಳಿದರೆ ಆ ಓಡಾಟವಿಲ್ಲ, ಹೊರಗೆ ನೀವು ನಿಂತಿರುತ್ತೀರಿ.