ಟೊಮೇಟೊ ಗಿಡಕ್ಕೆ ಹಿಂಡಿ ನೀರನ್ನು ವಾರಕ್ಕೆ ಎರಡು ಬಾರಿ ಕೊಡಬಹುದೇ?

ದಯವಿಟ್ಟು ಕೊಡಬೇಡಿ. ಕಡಲೆಕಾಯಿ ಹಿಂಡಿಯ ನೀರನ್ನು ವಾರಕ್ಕೊಮ್ಮೆ ಹಾಕುತ್ತಿದ್ದರೂ ಗಿಡ ಬರೀ ಎಲೆಯಲ್ಲೇ ಸೊಕ್ಕಿದೆ, ಹೂವೆಲ್ಲ ಉದುರುತ್ತಿದೆ, ಆದ್ದರಿಂದ ವಾರಕ್ಕೆ ಎರಡು ಬಾರಿ ಕೊಡಲೇ ಎಂದು ನೀವು ಕೇಳಿದ್ದೀರಿ. 2018ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ನಿಂತು ನಾನು ಯೋಚಿಸಿದ್ದು ಅಕ್ಷರಶಃ ಇದನ್ನೇ.

ಆಗ ನನ್ನ ಬಳಿ 36 ಗ್ರೋ ಬ್ಯಾಗ್‌ಗಳಿದ್ದವು. ಇಪ್ಪತ್ತರಲ್ಲಿ ಟೊಮೇಟೊ, ಉಳಿದವುಗಳಲ್ಲಿ ಬದನೆ ಮತ್ತು ಮೆಣಸಿನಕಾಯಿ. ಬೀಜ ಬಿತ್ತಿ, ಸಸಿ ಕಿತ್ತು ನೆಟ್ಟು, ಪ್ರತಿ ಟೊಮೇಟೊ ಗಿಡಕ್ಕೂ ಊರುಗೋಲು ಕಟ್ಟಿ ಮಕ್ಕಳಂತೆ ನೋಡಿಕೊಂಡಿದ್ದೆ. ಗಿಡಗಳು ಎದೆಯೆತ್ತರಕ್ಕೆ ಬಂದು, ಎಲೆಗಳು ಕಡುಹಸಿರಾಗಿ, ನೋಡಿದವರೆಲ್ಲ ಹೊಗಳುತ್ತಿದ್ದರು. ಆದರೆ ಹೂವು ಬಿಟ್ಟ ಮೂರನೆಯ ದಿನಕ್ಕೆ ತೊಟ್ಟು ಹಳದಿಯಾಗಿ ಉದುರಿಹೋಗುತ್ತಿತ್ತು. ಗಿಡಕ್ಕೆ ಕಾಯಿ ಕಚ್ಚುವಷ್ಟು ಶಕ್ತಿ ಸಾಲದು ಎಂದು ನಾನು ತೀರ್ಮಾನಿಸಿದೆ. ಮೂರು ಕಿಲೋ ಹಿಂಡಿಯನ್ನು ಹದಿನೈದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಸೋಸದೆ, ಒಂದು ಪಾಲಿಗೆ ಎರಡೇ ಪಾಲು ನೀರು ಬೆರೆಸಿ, ಒಂದು ಭಾನುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಒಂದೊಂದು ಬ್ಯಾಗಿಗೂ ಒಂದೊಂದು ಲೀಟರ್ ಸುರಿದೆ.

ದ್ರಾವಣ ಗಟ್ಟಿಯಾಗಿದ್ದದ್ದು ತಪ್ಪು, ಬಿಸಿಲಿನ ಹೊತ್ತು ತಪ್ಪು, ಸೋಸದಿದ್ದದ್ದೂ ತಪ್ಪು. ಆದರೆ ಗಿಡಗಳನ್ನು ಕೊಂದದ್ದು ಇನ್ನೊಂದು ತಪ್ಪು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಣಗಿದ ಮಣ್ಣು ಗೊಬ್ಬರವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಭಾವಿಸಿ, ಶನಿವಾರ ಬೆಳಿಗ್ಗೆಯಿಂದಲೇ ನಾನು ಬೇಕೆಂದೇ ನೀರು ನಿಲ್ಲಿಸಿದ್ದೆ.

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ನೀರು ಬಿಟ್ಟುಕೊಂಡು ಸುರುಟಿರುತ್ತದೆಯಲ್ಲವೇ? ಬೇರಿಗೂ ಅದೇ ಆಗುತ್ತದೆ. ಬೇರಿನ ಒಳಗಿರುವ ರಸಕ್ಕಿಂತ ಹೊರಗಿನ ನೀರಿನಲ್ಲಿ ಕರಗಿದ ಲವಣ ಹೆಚ್ಚಾದರೆ ಬೇರು ನೀರನ್ನು ಹೀರುವ ಬದಲು ಕಳೆದುಕೊಳ್ಳುತ್ತದೆ. ಮಣ್ಣಿನಲ್ಲಿ ಮೊದಲೇ ತೇವವಿದ್ದರೆ ಸುರಿದ ದ್ರಾವಣ ಆ ನೀರಿನೊಡನೆ ಬೆರೆತು ತೆಳುವಾಗುತ್ತದೆ. ತೇವವಿಲ್ಲದಿದ್ದರೆ ನಾವು ಸುರಿದ ಗಟ್ಟಿತನದಲ್ಲೇ ಅದು ಬೇರನ್ನು ಮುಟ್ಟುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೀರು ಆರಿದಂತೆಲ್ಲ ಇನ್ನೂ ಗಟ್ಟಿಯಾಗುತ್ತದೆ. ಬಾಯಾರಿದ ಬೇರು ಮೊದಲು ಸಿಕ್ಕ ದ್ರವವನ್ನೇ ಆತುರದಿಂದ ಎಳೆದುಕೊಳ್ಳುವುದೂ ನಿಜ, ನನ್ನ ಗಿಡಗಳಿಗೆ ಸಿಕ್ಕ ಆ ಮೊದಲ ದ್ರವ ನೀರಾಗಿರಲಿಲ್ಲ. ಇದರ ಜೊತೆಗೆ, ಹಿಂಡಿಯ ಪ್ರೋಟೀನ್ ಕೊಳೆಯುವಾಗ ಅಮೋನಿಯಾ ಹುಟ್ಟುತ್ತದೆ, ಮೂಗಿಗೆ ಅಡರುವ ಆ ಘಾಟು ಎಳೆಯ ಬೇರುಗಳಿಗೆ ನೇರವಾದ ವಿಷ.

ಲೆಕ್ಕವನ್ನೂ ನೋಡಿ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ. 7ರಷ್ಟಿರುತ್ತದೆ, ಅಂದರೆ ಮೂರು ಕಿಲೋದಲ್ಲಿ 210 ಗ್ರಾಂ. ನಾನು ಬೆರೆಸಿದ ರೀತಿಯಲ್ಲಿ ಒಂದು ಗಿಡದ ಪಾಲಿಗೆ ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಬಿತ್ತು. ಒಂದು ಟೊಮೇಟೊ ಗಿಡ ನಾಟಿಯಿಂದ ಕೊನೆಯ ಕೊಯ್ಲಿನವರೆಗೆ ಬೇಡುವುದೇ ಹತ್ತು ಗ್ರಾಂ ಆಸುಪಾಸು. ಹಿಂಡಿಯಲ್ಲಿರುವ ಸಾರಜನಕವೆಲ್ಲ ಒಮ್ಮೆಗೇ ಬಿಡುಗಡೆಯಾಗುವುದಿಲ್ಲ, ಆದರೂ ಒಂದು ಹೊತ್ತಿಗೆ ಅದು ಬಹಳವಾಯಿತು.

ಸಂಜೆಗೆ ಗಿಡಗಳೆಲ್ಲ ತಲೆ ಬಾಗಿಸಿದ್ದವು. ಸೋಮವಾರ ಎಲೆಗಳ ಅಂಚು ಸುಟ್ಟ ಕಾಗದದಂತಾಗಿತ್ತು. ಗುರುವಾರದ ಹೊತ್ತಿಗೆ 29 ಗಿಡಗಳು ಹೋದವು. ಕಿತ್ತು ನೋಡಿದರೆ ಬಿಳಿಯ ಬೇರು ಒಂದೂ ಇರಲಿಲ್ಲ, ಎಲ್ಲವೂ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು.

ಉಳಿದ ಏಳು ಗಿಡಗಳೇ ನನಗೆ ಪಾಠ ಕಲಿಸಿದವು. ಅವೆಲ್ಲ ನಲ್ಲಿಯ ಪಕ್ಕದ ಸಾಲಿನವು. ನಾನು ನೀರು ನಿಲ್ಲಿಸಿರುವುದು ತಿಳಿಯದೆ ನಮ್ಮ ಅತ್ತೆಯವರು ಭಾನುವಾರ ಬೆಳಿಗ್ಗೆ ತುಳಸಿಗೆ ನೀರೆರೆಯಲು ಬಂದವರು ಆ ಸಾಲಿಗೂ ಎರೆದು ಹೋಗಿದ್ದರು. ಅದೇ ಹಿಂಡಿ, ಅದೇ ಅಳತೆ, ಅದೇ ಬಿಸಿಲು. ಮಣ್ಣು ಮಾತ್ರ ಹಸಿಯಾಗಿತ್ತು. ಅವುಗಳ ಎಲೆಯಂಚೂ ಸುಟ್ಟಿತ್ತು, ಆದರೆ ಬದುಕಿದವು. ಮೂರು ವಾರ ಬರಿಯ ನೀರು ಕೊಟ್ಟ ಮೇಲೆ ಅವುಗಳಲ್ಲಿ ಎರಡು ಟೊಮೇಟೊ ಗಿಡಗಳು ಕಾಯಿ ಕಚ್ಚಿದವು.

ಈಗ ನಿಮ್ಮ ಗಿಡದ ವಿಚಾರ. ಅದಕ್ಕೆ ಹಸಿವಿದೆ ಎಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ. ಕಡುಹಸಿರು ಎಲೆ, ದಪ್ಪ ಕಾಂಡ, ಉದುರುವ ಹೂವು, ಇವು ಮೂರೂ ಒಟ್ಟಿಗೆ ಕಂಡರೆ ಅದು ಸಾರಜನಕ ಅತಿಯಾದ ಗಿಡದ ಲಕ್ಷಣ. ಅಂಥ ಗಿಡ ಕಾಯಿಯ ಗೊಡವೆಗೆ ಹೋಗದೆ ಎಲೆ ಬೆಳೆಸುತ್ತಲೇ ಇರುತ್ತದೆ, ಆ ಮೆತ್ತನೆಯ ಚಿಗುರಿಗೆ ಸಸ್ಯಹೇನು ಮತ್ತು ಬಿಳಿನೊಣ ಮುತ್ತುತ್ತವೆ, ಬಿಳಿನೊಣದ ಹಿಂದೆಯೇ ಎಲೆಮುರುಟು ರೋಗದ ನಂಜು ಬರುತ್ತದೆ. ಇನ್ನು ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದ ದಿನಗಳಲ್ಲಿ ಟೊಮೇಟೊದ ಪರಾಗ ಕೆಟ್ಟು ಹೂವು ತಾನಾಗಿಯೇ ಉದುರುತ್ತದೆ. ಕಾದ ತಾರಸಿಯ ಮೇಲಂತೂ ಹೇಳುವುದೇ ಬೇಡ. ಅದಕ್ಕೆ ಮದ್ದು ನೆರಳು ಬಲೆಯೇ ಹೊರತು ಗೊಬ್ಬರವಲ್ಲ.

ಸಗಣಿ, ಗಂಜಲ, ಬೆಲ್ಲ ಬೆರೆಸಿ ಹುದುಗಿಸುವ ಜೀವಾಮೃತ, ಬಾಳೆಹಣ್ಣಿನ ಸಿಪ್ಪೆಯ ನೀರು, ಅಕ್ಕಚ್ಚು, ಇವುಗಳಲ್ಲಿ ಯಾವುದು ಶ್ರೇಷ್ಠ ಎಂದೂ ಕೇಳಿದ್ದೀರಿ. ಈ ಪೈಪೋಟಿಯೇ ಅನಗತ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಕ್ರಮದಲ್ಲಿ 200 ಲೀಟರ್ ಜೀವಾಮೃತ ಒಂದು ಎಕರೆಗೆ. ಅದನ್ನು ಒಂದಡಿ ಅಗಲದ ಬ್ಯಾಗಿಗೆ ಇಳಿಸಿ ಲೆಕ್ಕ ಹಾಕಿದರೆ ಒಂದು ಟೀ ಚಮಚದಷ್ಟೂ ಆಗುವುದಿಲ್ಲ. ಅವರೇ ಅದನ್ನು ಗಿಡದ ಊಟವೆಂದು ಹೇಳಲಿಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸುವ ಹೆಪ್ಪು ಎಂಬ ಅರ್ಥದಲ್ಲಿ ಹೇಳಿದರು. ನಾವು ತಾರಸಿಯವರು ಮಾತ್ರ ಅದನ್ನು ಚೊಂಬಿನಲ್ಲಿ ಸುರಿಯುತ್ತೇವೆ. ಹೊಲದಲ್ಲಿ ಹೆಚ್ಚಾದದ್ದು ಭೂಮಿಯಲ್ಲಿ ಹರಡಿ ಇಳಿದುಹೋಗುತ್ತದೆ, ಬ್ಯಾಗಿನಲ್ಲಿ ಬೇರಿಗೆ ಓಡಿಹೋಗಲು ಜಾಗವಿಲ್ಲ. ಸಿಪ್ಪೆಯನ್ನು ನೀರಿನಲ್ಲಿ ನೆನೆಸುವುದಕ್ಕಿಂತ ಕಾಂಪೋಸ್ಟಿಗೆ ಹಾಕುವುದು ಮೇಲು. ಕಾಯಿಯ ತುದಿ ಕೊಳೆಯದಿರಲೆಂದು ಕೆಲವರು ನೆನೆಸಿ ಹಾಕುವ ಮೊಟ್ಟೆ ಚಿಪ್ಪಿನ ಸುಣ್ಣ ಬರಿಯ ನೀರಿನಲ್ಲಿ ಕರಗುವುದೇ ಇಲ್ಲ. ಕಾಯಿಯ ತುದಿ ಕಪ್ಪಾಗಿ ಕೊಳೆಯುವುದಕ್ಕೆ ಬಹುತೇಕ ಕಾರಣ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ನೀರು ಕೊಡುವ ನಮ್ಮ ಕೈ. ಅರಸೀಕೆರೆ ಕಡೆಯ ನಮ್ಮ ತವರಿನ ಹಿತ್ತಲಿನಲ್ಲಿ ಅಕ್ಕಚ್ಚು ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು, ಗಿಡಕ್ಕೆ ಬರುತ್ತಿದ್ದದ್ದು ವರ್ಷಗಟ್ಟಲೆ ಕಳಿತ ತಿಪ್ಪೆಗೊಬ್ಬರ. ಅಲ್ಲಿ ಬದನೆ ಗಿಡ ಕಾಯಿ ಬಿಡದೆ ನಿಂತದ್ದನ್ನು ನಾನು ಕಂಡಿಲ್ಲ.

ದ್ರವಗೊಬ್ಬರವನ್ನು ನಾನು ಬಿಟ್ಟಿಲ್ಲ, ಆದರೆ ಅದಕ್ಕೆ ಉಪ್ಪಿನಕಾಯಿಯ ಸ್ಥಾನ ಕೊಟ್ಟಿದ್ದೇನೆ. ಊಟವೆಂದರೆ ಬ್ಯಾಗು ತುಂಬುವಾಗ ಮೂರನೇ ಒಂದು ಪಾಲು ಹಾಕುವ ಕಳಿತ ಕಾಂಪೋಸ್ಟ್ ಮತ್ತು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ. ಹಿಂಡಿಯನ್ನು ಕಿಲೋಗೆ ಹತ್ತು ಲೀಟರ್ ನೀರಿನಲ್ಲಿ ಐದು ದಿನ ಬಟ್ಟೆ ಮುಚ್ಚಿ ನೆರಳಿನಲ್ಲಿಟ್ಟು, ದಿನಕ್ಕೆರಡು ಬಾರಿ ಕಲಕಿ, ಸೋಸಿ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಇಪ್ಪತ್ತು ದಿನಕ್ಕೊಮ್ಮೆ ಗಿಡಕ್ಕೆ ಅರ್ಧ ಲೀಟರ್ ಕೊಡುತ್ತೇನೆ. ಸಂಜೆಯ ಹೊತ್ತಿನಲ್ಲಿ, ಬರಿಯ ನೀರು ಹನಿಸಿ ಅರ್ಧ ಗಂಟೆಯಾದ ಮೇಲೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ತೇವ ತಾಗದೆ ಒಂದು ತೊಟ್ಟನ್ನೂ ಹಾಕುವುದಿಲ್ಲ. ಮೊದಲ ಹೂಗೊಂಚಲು ಕಂಡ ದಿನ ಹಿಂಡಿ ನಿಲ್ಲಿಸಿ, ಸೌದೆ ಒಲೆಯ ಬೂದಿಯನ್ನು ಒಂದು ಚಮಚ ಬುಡದ ಸುತ್ತ ಉದುರಿಸುತ್ತೇನೆ. ಬೂದಿಯನ್ನು ಹಿಂಡಿ ನೀರಿನಲ್ಲಾಗಲಿ ಗಂಜಲದಲ್ಲಾಗಲಿ ಬೆರೆಸಬಾರದು, ಬೆರೆಸಿದರೆ ಅದರ ಕ್ಷಾರಕ್ಕೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ನೀವು ಇವತ್ತೇ ಮಾಡಬೇಕಾದದ್ದು ಇಷ್ಟು. ಬ್ಯಾಗಿನ ತಳದ ತೂತುಗಳು ತೆರೆದಿವೆಯೇ ನೋಡಿ, ಕೆಳಗೆ ಹರಿದು ಬರುವಷ್ಟು ಬರಿಯ ನೀರನ್ನು ಒಮ್ಮೆ ಕೊಡಿ, ಆಮೇಲೆ ಮೂರು ವಾರ ಯಾವ ಗೊಬ್ಬರವನ್ನೂ ಕೊಡಬೇಡಿ. ಡ್ರಮ್ಮಿನಲ್ಲಿ ಉಳಿದ ಹಿಂಡಿ ನೀರನ್ನು ಚೆಲ್ಲಬೇಕಾಗಿಲ್ಲ. ಒಣಗಿದ ಎಲೆ ಹೆಚ್ಚಾಗಿರುವ ಕಾಂಪೋಸ್ಟ್ ಗುಡ್ಡೆಯ ಮೇಲೆ ಸುರಿಯಿರಿ, ಅಲ್ಲಿ ಕೊಳೆಯುವ ಕೆಲಸಕ್ಕೆ ಸಾರಜನಕ ಬೇಕಾಗಿಯೇ ಇರುತ್ತದೆ.