ತಮ್ಮೊಳಗೇ ಆಡುವ ಪಂದ್ಯಗಳಿಗೆ ಬೆಲೆಯಿದೆಯೇ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಓದುತ್ತಿರುವುದರಿಂದ ನಾನೂ ಅವಳ ಕಾಲೇಜಿನ ಬೇಸ್‌ಬಾಲ್ ತಂಡದ ಅಭಿಮಾನಿಯಾಗಿದ್ದೇನೆ. ಅಕ್ಟೋಬರ್‌ನಲ್ಲಿ ಆಟಗಾರರು ತಮ್ಮೊಳಗೇ ಎರಡು ಪಾಳಯಗಳಾಗಿ ಆಡುವ ಪಂದ್ಯಗಳಿಂದ ತಂಡದ ಬಲ ತಿಳಿಯುವುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಸೋಲು ಗೆಲುವಿನಿಂದ ತಿಳಿಯದು. ಪಿಚರ್ (ಚೆಂಡೆಸೆಯುವವ) ಮತ್ತು ಬ್ಯಾಟರ್ ಇಬ್ಬರೂ ನಿಮ್ಮವರೇ ಆದ್ದರಿಂದ ಒಬ್ಬನ ಹೋಮ್ ರನ್ ಇನ್ನೊಬ್ಬನ ವೈಫಲ್ಯವೂ ಹೌದು. ಅಲ್ಲದೆ, ಪಿಚರ್‌ನ ಎಸೆತಗಳ ಸಂಖ್ಯೆ ಮಿತಿ ಮೀರುವಂತಿದ್ದರೆ, ಇನ್ನಿಂಗ್ಸ್ ಮುಗಿಯಲು ಬೇಕಾದ ಮೂವರು ಔಟಾಗುವ ಮೊದಲೇ ತರಬೇತುದಾರರು ಇನ್ನಿಂಗ್ಸ್ ನಿಲ್ಲಿಸುವುದುಂಟು. ಹೊಸದಾಗಿ ಕಲಿತ ಎಸೆತವನ್ನು, ರನ್ ಹೋದರೂ ಚಿಂತೆಯಿಲ್ಲವೆಂದು, ಪದೇ ಪದೇ ಪ್ರಯೋಗಿಸಲು ಬಿಡುವುದೂ ಉಂಟು.

ಆದರೂ ಈ ಪಂದ್ಯಗಳನ್ನು ಬಿಡಬೇಡಿ. ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ (ಎರಡನೇ ಮತ್ತು ಮೂರನೇ ಬೇಸ್‌ಗಳ, ಅಂದರೆ ಓಟಗಾರ ಮುಟ್ಟಬೇಕಾದ ಗುರುತುಗಳ, ನಡುವಿನ ಕ್ಷೇತ್ರರಕ್ಷಣೆಗೆ) ಯಾರ್ಯಾರನ್ನು ಪರೀಕ್ಷಿಸುತ್ತಿದ್ದಾರೆ, ಓಟಗಾರ ಎರಡನೇ ಬೇಸ್ ಕದಿಯಲು (ಬ್ಯಾಟರ್ ಚೆಂಡು ಹೊಡೆಯುವುದಕ್ಕೆ ಕಾಯದೆ ಓಡಿ ತಲುಪಲು) ಹೊರಟಾಗ ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್‌ನ ಎಸೆತ ನೇರವಾಗಿ ಬೇಸ್‌ನ ಮೇಲೆ, ಮೊಣಕಾಲೆತ್ತರಕ್ಕೆ ಬರುತ್ತದೆಯೇ, ಹೊಸ ಪಿಚರ್ ಮೊದಲ ಎಸೆತವನ್ನೇ ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಕೆಯಾಗುವ ಎಸೆತ) ಆಗಿಸುತ್ತಾನೆಯೇ ಎಂಬುದನ್ನು ಗಮನಿಸಿ. ಫೆಬ್ರವರಿ ಮಧ್ಯದಲ್ಲಿ ಋತು ಆರಂಭವಾದಾಗ ಕಣಕ್ಕಿಳಿಯುವವರ ಆಯ್ಕೆ ಬಹುಮಟ್ಟಿಗೆ ಇಲ್ಲಿಯೇ ರೂಪುಗೊಳ್ಳುತ್ತದೆ. ಜೂನ್‌ನಲ್ಲಿ ಒಮಾಹಾ ನಗರದ ಕಾಲೇಜ್ ವರ್ಲ್ಡ್ ಸೀರೀಸ್ (ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಅಂತಿಮ ಹಂತ) ತಲುಪುವ ಮಾತನ್ನು ಮಾತ್ರ ಈಗಲೇ ಆಡುವುದು ಬೇಡ.