ಓದುಗರ ಪ್ರಶ್ನೆ: ವೇಗದ ರೈಲಿಗೆ ಎಂಥ ಹಳಿ ಬೇಕು?

ಅತಿವೇಗದ ರೈಲುಗಳನ್ನು ಕುರಿತು ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಬಾರಿ ಉತ್ತರಿಸಲು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹೆಚ್ಚು ಶಕ್ತಿಯ ಎಂಜಿನ್ ಜೋಡಿಸಿ, ಈಗಿರುವ ಹಳಿಗಳ ಮೇಲೆಯೇ ಗಂಟೆಗೆ 300 ಕಿ.ಮೀ. ವೇಗದಲ್ಲಿ ರೈಲು ಓಡಿಸಲು ಏಕೆ ಆಗುವುದಿಲ್ಲ?

ಉತ್ತರ: ಅಡ್ಡಿಯಾಗುವುದು ಮುಖ್ಯವಾಗಿ ತಿರುವುಗಳು. ತಿರುವಿನಲ್ಲಿ ಬೋಗಿಯನ್ನು ಹೊರಕ್ಕೆ ಎಳೆಯುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸಿ ಇದನ್ನು ಒಂದಿಷ್ಟು ಸರಿದೂಗಿಸಬಹುದು. ಆದರೆ ಅದೇ ಹಳಿಯ ಮೇಲೆ ನಿಧಾನದ ಸರಕು ಗಾಡಿಗಳೂ ಸಾಗಬೇಕಿದ್ದರೆ ಹೆಚ್ಚು ಎತ್ತರಿಸುವಂತಿಲ್ಲ, ಏಕೆಂದರೆ ಅವುಗಳ ಭಾರವೆಲ್ಲ ಒಳಗಿನ ಹಳಿಯತ್ತ ವಾಲಿ ಆ ಹಳಿ ಬೇಗ ಸವೆಯುತ್ತದೆ. ಜಪಾನಿನ ಹಳೆಯ ಮಾರ್ಗಗಳು (ಎರಡು ಹಳಿಗಳ ನಡುವೆ) 1,067 ಮಿ.ಮೀ. ಅಗಲದವಾಗಿದ್ದು, ಬೆಟ್ಟ ಮತ್ತು ಕರಾವಳಿಯನ್ನು ಅನುಸರಿಸಿ ಬಳಸಿಕೊಂಡು ಸಾಗುತ್ತಿದ್ದವು. ಆದ್ದರಿಂದಲೇ ಅಲ್ಲಿನ ಎಂಜಿನಿಯರುಗಳು ಟೋಕಿಯೊ ಮತ್ತು ಒಸಾಕಾ ನಡುವೆ 1,435 ಮಿ.ಮೀ. ಅಗಲದ, ತಿರುವುಗಳ ತ್ರಿಜ್ಯ 2,500 ಮೀಟರಿಗೆ ಕಡಿಮೆಯಿರದಂತೆ ಯೋಜಿಸಿದ, ಎಲ್ಲಿಯೂ ಲೆವೆಲ್ ಕ್ರಾಸಿಂಗ್ ಇಲ್ಲದ ಹೊಸ ಮಾರ್ಗವನ್ನೇ ನಿರ್ಮಿಸಿದರು. 1964ರ ಅಕ್ಟೋಬರ್ 1ರಂದು ಅದು ಆರಂಭವಾದಾಗ, ಆರೂವರೆ ಗಂಟೆ ಹಿಡಿಯುತ್ತಿದ್ದ ಪ್ರಯಾಣ ನಾಲ್ಕು ಗಂಟೆಗೆ ಇಳಿಯಿತು. ಮರುವರ್ಷ ಅದು 3 ಗಂಟೆ 10 ನಿಮಿಷವಾಯಿತು.

1981ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಡುವೆ ಟಿಜಿವಿ ಎಂಬ ಅತಿವೇಗದ ರೈಲನ್ನು ಆರಂಭಿಸಿದ ಫ್ರಾನ್ಸ್ ಬೇರೊಂದು ದಾರಿ ಹಿಡಿಯಿತು. ಬಯಲಿನಲ್ಲಿ ಮಾತ್ರ ಹೊಸ ಹಳಿ ಹಾಕಿ, ನಗರಗಳ ಒಳಗೆ ಹಳೆಯ ಹಳಿಯ ಮೇಲೆಯೇ ನಿಧಾನವಾಗಿ ಸಾಗಿ ಹಳೆಯ ನಿಲ್ದಾಣವನ್ನೇ ತಲುಪುವ ವ್ಯವಸ್ಥೆ ಅದು. ಹೊಸ ಹಳಿಯ ಮೇಲೆ ಭಾರದ ಸರಕು ಗಾಡಿಗಳಿಗೆ ಪ್ರವೇಶವಿಲ್ಲದ ಕಾರಣ, ಸಾವಿರ ಮೀಟರಿಗೆ 35 ಮೀಟರ್ ಏರುವ ಕಡಿದಾದ ಏರುಗಳನ್ನೂ ಇಡಲು ಸಾಧ್ಯವಾಯಿತು. ಹೀಗಾಗಿ ಆ ಮಾರ್ಗಕ್ಕೆ ಒಂದೇ ಒಂದು ಸುರಂಗವೂ ಬೇಕಾಗಲಿಲ್ಲ. ನನಗೆ ಬಹಳ ಹಿಡಿಸಿದ ಪರಿಹಾರವಿದು.

ಪ್ರಶ್ನೆ: ಸುದ್ದಿಯಲ್ಲಿ ಯಾವಾಗಲೂ ಗರಿಷ್ಠ ವೇಗದ ಮಾತೇ ಇರುತ್ತದೆ. ಪ್ರಯಾಣಿಕರಿಗೆ ಅದರಿಂದ ಎಷ್ಟು ಪ್ರಯೋಜನ?

ಉತ್ತರ: ಹಲವೆಡೆ, ನಾವು ಎಣಿಸಿದ್ದಕ್ಕಿಂತ ಕಡಿಮೆ. ಒಂದು ಲೆಕ್ಕ ಹಾಕಿ ನೋಡೋಣ. 100 ಕಿ.ಮೀ. ಉದ್ದದ ಮಾರ್ಗವೊಂದರಲ್ಲಿ ರೈಲು 90 ಕಿ.ಮೀ. ದೂರವನ್ನು ಗಂಟೆಗೆ 130 ಕಿ.ಮೀ. ವೇಗದಲ್ಲಿ ಕ್ರಮಿಸುತ್ತದೆ, ಉಳಿದ 10 ಕಿ.ಮೀ.ನಲ್ಲಿ ಹಳೆಯ ಸೇತುವೆ ಅಥವಾ ಸವೆದ ಹಳಿಯ ಕಾರಣದಿಂದ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳುತ್ತದೆ ಎಂದಿಟ್ಟುಕೊಳ್ಳಿ. ದೊಡ್ಡ ಖರ್ಚು ಮಾಡಿ 130ನ್ನು 160ಕ್ಕೆ ಏರಿಸಿದರೆ ಉಳಿಯುವುದು ಎಂಟು ನಿಮಿಷಕ್ಕೂ ಕಡಿಮೆ. ಅದರ ಬದಲು ಆ 10 ಕಿ.ಮೀ.ಯನ್ನು ದುರಸ್ತಿ ಮಾಡಿ ವೇಗವನ್ನು 100ಕ್ಕೆ ತಂದರೆ 14 ನಿಮಿಷ ಉಳಿಯುತ್ತದೆ. ಪ್ರಯಾಣಿಕರು ಕೇಳಬೇಕಾದುದು ಹೊರಟಲ್ಲಿಂದ ತಲುಪುವವರೆಗಿನ ಸರಾಸರಿ ವೇಗವನ್ನು, ಅದರ ಜೊತೆಗೆ ಸಮಯಪಾಲನೆಯನ್ನು. ಎರಡು ಗಂಟೆಯಲ್ಲಿ ತಲುಪಿಸುತ್ತೇನೆಂದು ಹೇಳಿ ಕೆಲವೊಮ್ಮೆ ಮೂರು ಗಂಟೆ ತೆಗೆದುಕೊಳ್ಳುವ ರೈಲನ್ನು ನಂಬಿದವರು ಮೂರು ಗಂಟೆಯ ಪ್ರಯಾಣವೆಂದೇ ಲೆಕ್ಕ ಹಾಕಿ ಮನೆಯಿಂದ ಹೊರಡಬೇಕಾಗುತ್ತದೆ. ಗಳಿಸಿದ ವೇಗವೆಲ್ಲ ಅಲ್ಲಿಗೆ ವ್ಯರ್ಥವಾದಂತೆ.

ಪ್ರಶ್ನೆ: ಅತಿವೇಗದ ರೈಲಿನಲ್ಲಿ ಲೋಟದ ನೀರು ತುಳುಕದಿರುವ ದೃಶ್ಯವನ್ನು ನೋಡಿದ್ದೇನೆ. ಇದು ಹೇಗೆ ಸಾಧ್ಯ?

ಉತ್ತರ: ರೈಲಿನ ಗಾಲಿಯ ಮೈ ಸಮತಟ್ಟಾಗಿರುವುದಿಲ್ಲ. ಅದು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿರುತ್ತದೆ, ಆದ್ದರಿಂದ ಒಂದು ಬದಿಗೆ ಸರಿದ ಗಾಲಿಜೋಡಿ ತಾನಾಗಿಯೇ ನಡುವಿಗೆ ಮರಳುತ್ತದೆ. ಆದರೆ ಮರಳುವಾಗ ನಡುವನ್ನು ದಾಟಿ ಇನ್ನೊಂದು ಬದಿಗೆ ಹೋಗಿಬಿಡುತ್ತದೆ, ಮತ್ತೆ ಹಿಂದಿರುಗುತ್ತದೆ. ನಿಧಾನವಾಗಿ ಸಾಗುವಾಗ ಈ ಹೊಯ್ದಾಟ ಅಷ್ಟಾಗಿ ತಿಳಿಯುವುದಿಲ್ಲ. ವೇಗ ಒಂದು ಮಿತಿಯನ್ನು ಮೀರಿದಾಗ ಅದು ಹಳಿಯನ್ನೇ ಬಡಿದು ಬಗ್ಗಿಸುವಷ್ಟು ಉಗ್ರವಾಗಬಲ್ಲದು. ಜಪಾನಿನಲ್ಲಿ ಇದರ ಬೆನ್ನುಹತ್ತಿದವರು ಎಂಜಿನಿಯರ್ ತಡಾಶಿ ಮತ್ಸುದೈರಾ. ಯುದ್ಧಕಾಲದಲ್ಲಿ ವಿಮಾನಗಳ ನಡುಕವನ್ನು ಅಭ್ಯಾಸ ಮಾಡಿದ್ದ ಅವರು, ರೈಲಿನ ಹೊಯ್ದಾಟವೂ ಅದೇ ಜಾತಿಯದೆಂದು ಗುರುತಿಸಿದರು. ಗಾಲಿಗಳ ಚೌಕಟ್ಟಿನ ಹೊರಳಾಟವನ್ನು ತಡೆಯುವ ಜೋಡಣೆಗಳು, ಬೋಗಿಯನ್ನು ಹೊರುವ ಗಾಳಿತುಂಬಿದ ಸ್ಪ್ರಿಂಗುಗಳು ಬಂದದ್ದು ಇಂಥ ಅಧ್ಯಯನಗಳ ಫಲವಾಗಿ.

ಇನ್ನರ್ಧ ಕೆಲಸ ಹಳಿಯದು. ತುಂಡುಗಳನ್ನು ಬೆಸೆದು ಒಂದೇ ಉದ್ದನೆಯ ಹಳಿ ಮಾಡಿದಾಗ ಕೂಡುಗಳ ಟಕಟಕ ಸದ್ದೂ ಹೊಡೆತವೂ ಇಲ್ಲವಾಗುತ್ತವೆ. ಆ ಮೇಲೆ ಹಳಿಯ ಮಟ್ಟವನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ಕಾಯ್ದುಕೊಳ್ಳಬೇಕು. ಜಪಾನಿನ ಅತಿವೇಗದ ರೈಲಾದ ಶಿಂಕಾನ್ಸೆನ್‌ನ ಮಾರ್ಗಗಳಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಪ್ರಯಾಣಿಕರ ರೈಲು ಓಡುವುದಿಲ್ಲ. ಆ ಆರು ಗಂಟೆ ಹಳಿಯ ಕೆಲಸಗಾರರಿಗೆ ಮೀಸಲು. ಹಗಲು ಲೋಟದ ನೀರು ತುಳುಕದಿರಲು ಆ ರಾತ್ರಿಯ ದುಡಿಮೆಯೇ ಕಾರಣ, ಮತ್ತು ಆ ಜನರ ಹೆಸರು ಯಾವ ಉದ್ಘಾಟನೆಯಲ್ಲೂ ಕೇಳಿಬರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಪ್ರಶ್ನೆ: ಇಷ್ಟು ವೇಗ ಅಪಾಯಕಾರಿಯಲ್ಲವೇ?

ಉತ್ತರ: ಗಂಟೆಗೆ 300 ಕಿ.ಮೀ. ವೇಗದಲ್ಲಿ ರೈಲು ಸೆಕೆಂಡಿಗೆ 83 ಮೀಟರ್ ಸಾಗುತ್ತದೆ, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಮೂರು ಕಿ.ಮೀ.ಗೂ ಹೆಚ್ಚು ದೂರ ಬೇಕಾಗುತ್ತದೆ. ಹಳಿಯ ಪಕ್ಕದ ಸಿಗ್ನಲ್ ಕಂಬವನ್ನು ಚಾಲಕರು ನೋಡಿ ಓಡಿಸುವುದು ಆ ವೇಗದಲ್ಲಿ ನಂಬಲರ್ಹವಲ್ಲವಾದ್ದರಿಂದ, ಸಾಗಬಹುದಾದ ವೇಗ ಅವರ ಮುಂದಿನ ಫಲಕದಲ್ಲೇ ಕಾಣಿಸುತ್ತದೆ. ಮೀರಿದರೆ ಬ್ರೇಕ್ ತಾನಾಗಿಯೇ ಬೀಳುತ್ತದೆ. 2013ರಲ್ಲಿ ಸ್ಪೇನಿನ ಸಾಂಟಿಯಾಗೊ ಬಳಿ 80 ಕಿ.ಮೀ. ಮಿತಿಯ ತಿರುವಿಗೆ ಸುಮಾರು 180 ಕಿ.ಮೀ. ವೇಗದಲ್ಲಿ ನುಗ್ಗಿದ ರೈಲು ಹಳಿ ತಪ್ಪಿತು. ಹೀಗೆ ವೇಗ ಇಳಿಸುವ ವ್ಯವಸ್ಥೆ ಆ ತಿರುವಿನಲ್ಲಿ ಇರಲಿಲ್ಲ. 1998ರಲ್ಲಿ ಜರ್ಮನಿಯ ಎಶೆಡೆಯಲ್ಲಿ 101 ಜನರ ಸಾವಿಗೆ ಕಾರಣವಾದದ್ದು ಲೋಹ ದಣಿದು ಸೀಳಿದ ಗಾಲಿಯ ಹೊರಬಳೆ. ಅತ್ತ, ಪ್ರತ್ಯೇಕ ಮಾರ್ಗದಲ್ಲಿ ಓಡುವ ಶಿಂಕಾನ್ಸೆನ್‌ನಲ್ಲಿ 1964ರಿಂದ ಈವರೆಗೆ ಡಿಕ್ಕಿಯಿಂದಾಗಲಿ ಹಳಿ ತಪ್ಪಿದ್ದರಿಂದಾಗಲಿ ಒಬ್ಬ ಪ್ರಯಾಣಿಕರೂ ಸತ್ತಿಲ್ಲ. ವೇಗವೊಂದನ್ನೇ ದೂರುವುದು ಸರಿಯಲ್ಲವೆಂದು ನಾನು ಹೇಳುವುದು ಇದರಿಂದಲೇ.

ಪ್ರಶ್ನೆ: ಸುರಂಗದಲ್ಲಿ ಕಿವಿ ಏಕೆ ಮುಚ್ಚಿಕೊಳ್ಳುತ್ತದೆ?

ಉತ್ತರ: ಸುರಂಗಕ್ಕೆ ನುಗ್ಗಿದ ರೈಲು ಪಿಚಕಾರಿಯ ಕಡ್ಡಿಯಂತೆ ಮುಂದಿನ ಗಾಳಿಯನ್ನು ಒತ್ತುತ್ತದೆ. ಆ ಒತ್ತಡದ ಏರಿಳಿತ ಬೋಗಿಯೊಳಗೆ ಬಂದಾಗ ಕಿವಿ ಕಟ್ಟುತ್ತದೆ, ಆದ್ದರಿಂದ ಇಂಥ ಬೋಗಿಗಳ ಬಾಗಿಲು ಕಿಟಕಿಗಳನ್ನು ಗಾಳಿಯಾಡದಂತೆ ಬಿಗಿಗೊಳಿಸುತ್ತಾರೆ. ಅದೇ ಒತ್ತಡದ ಅಲೆ ಸುರಂಗದ ಇನ್ನೊಂದು ಬಾಯಿಯಲ್ಲಿ ಗುಡುಗಿನಂತೆ ಸದ್ದು ಮಾಡಿ ಸುತ್ತಲಿನವರ ನಿದ್ದೆ ಕೆಡಿಸುತ್ತದೆ. ಪಕ್ಷಿವೀಕ್ಷಣೆಯ ಹವ್ಯಾಸವಿದ್ದ ಜಪಾನಿನ ಎಂಜಿನಿಯರ್ ಐಜಿ ನಕಾತ್ಸು ಅವರು, ನೀರು ಹೆಚ್ಚು ಚಿಮ್ಮದಂತೆ ಧುಮುಕುವ ಮಿಂಚುಳ್ಳಿಯ ಕೊಕ್ಕನ್ನು ಗಮನಿಸಿದರು. 1997ರಲ್ಲಿ ಸೇವೆಗೆ ಬಂದ 500 ಸರಣಿಯ ರೈಲಿನ 15 ಮೀಟರ್ ಉದ್ದದ ಮೂತಿಗೆ ಆ ಕೊಕ್ಕಿನ ಆಕಾರವನ್ನೇ ಕೊಟ್ಟರು.